ನಡುಗಲ್ಲಿನ ನೆಂಟ

ನಮ್ಮವ್ವನನ್ನು ಕೂರಿಸಿಕೊಂಡು ಮರಳುಗಾಡು ದಾಟಿ ಬಂದ ಮೇಲೆ ಇನ್ನು ಈ ಜನ್ಮದಲ್ಲಿ ಯಾರ ಮೇಲೂ ಸಿಟ್ಟು ಮಾಡಿಕೊಳ್ಳಬಾರದು ಎಂದು ತೀರ್ಮಾನಿಸಿದ್ದೇನೆ. ದೊಡ್ಡ ಮನಸ್ಸು ಮಾಡಿ ಅಲ್ಲ. ಇದ್ದ ಸಿಟ್ಟೆಲ್ಲ ಅವತ್ತೇ ಖರ್ಚಾಗಿಹೋಯಿತು.

ನಮ್ಮೂರಿಗೂ ಚಿಗವ್ವನ ಊರಿಗೂ ನಡುವೆ ಇರುವುದು ಬರೀ ಮರಳು. ಕಾರಿನಲ್ಲಿ ಐದು ತಾಸಿನ ದಾರಿ. ಅರ್ಧಕ್ಕೆ ಸರಿಯಾಗಿ ಸುಣ್ಣ ಬಳಿದ ಒಂದು ಕಲ್ಲಿದೆ, ನಡುಗಲ್ಲು ಅನ್ನುತ್ತೇವೆ. ಅದನ್ನು ದಾಟಿದ ಗಾಡಿಯಲ್ಲಿ ಒಬ್ಬ ನೆಂಟ ಹೆಚ್ಚಿಗೆ ಇರುತ್ತಾನೆ. ಹೊರಟಾಗ ಇಬ್ಬರಿದ್ದರೆ ಕಲ್ಲು ದಾಟಿದಾಗ ಮೂವರು. ಹೋದ ಊರಲ್ಲಿ ನಮ್ಮ ಜೊತೆಗೇ ಇದ್ದು, ಉಂಡು, ತಿರುಗಿ ಬರುವಾಗ ಅದೇ ಕಲ್ಲಿನ ಹತ್ತಿರ ಇಳಿದುಹೋಗುತ್ತಾನೆ. ನಮ್ಮ ಕಡೆ ಕಾರು ಕೊಳ್ಳುವವರು ಎಣ್ಣೆ ಎಷ್ಟು ಕುಡಿಯುತ್ತದೆ ಎಂದು ಕೇಳುವ ಮೊದಲು ಸೀಟು ಎಷ್ಟು ಎಂದು ಕೇಳುತ್ತಾರೆ. ಮರಳಾಚೆಯಿಂದ ಇಬ್ಬರು ಬರುತ್ತಾರೆ ಎಂದರೆ ಆ ಊರಿನವರು ಮೂರು ತಾಟು ತೊಳೆದಿಡುತ್ತಾರೆ. ನಮ್ಮ ಪೋಸ್ಟ್ ಮಾಸ್ತರರಿಗೆ ಒಮ್ಮೆ ಎಂಟು ತಿಂಗಳ ಕೂಸು ಸಿಕ್ಕಿತ್ತು, ಪಾಪ, ದಾರಿಯುದ್ದಕ್ಕೂ ಬಾಟಲಿ ಹಿಡಿದುಕೊಂಡು ಹೋದರು. ಯಾರ ಮನೆಯಲ್ಲಿ ಯಾವ ನೆಂಟ ಇಲ್ಲವೋ ಅವರಿಗೆ ಆ ನೆಂಟನೇ ಸಿಗುತ್ತಾನೆ ಎನ್ನುವವರೂ ಇದ್ದಾರೆ. ನಾನು ನಂಬುವುದಿಲ್ಲ. ಪಕ್ಕದ ಮನೆಯ ಶರಣಪ್ಪನಿಗೆ ಮೊದಲೇ ಐದು ಜನ ಭಾವಂದಿರು, ಅವನಿಗೆ ಸಿಕ್ಕಿದ್ದು ಆರನೆಯ ಭಾವ.

ಅವ್ವ ಹುಟ್ಟಿದಾಗಿನಿಂದ ಮರಳು ದಾಟಿದವಳಲ್ಲ. ಅಜ್ಜಿಗೆ ಇಬ್ಬರೇ ಹೆಣ್ಣುಮಕ್ಕಳು, ಅವ್ವ ರಾಚವ್ವ, ಚಿಗವ್ವ ಚಂದ್ರವ್ವ. ಗಂಡುಮಕ್ಕಳಿಲ್ಲ. ಚಂದ್ರವ್ವ ಚಿಗವ್ವನನ್ನು ಆಚೆ ಊರಿಗೆ ಕೊಟ್ಟ ಮೇಲೆ ಅವಳೇ ವರ್ಷಕ್ಕೊಮ್ಮೆ ಬಂದುಹೋಗುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಅಜ್ಜಿ ಹಾಸಿಗೆ ಹಿಡಿದಾಗ ಚಿಗವ್ವನಿಗೆ ಹೇಳಿ ಕಳಿಸಿದೆವು. ಸುದ್ದಿ ಮುಟ್ಟಿದ ಗಳಿಗೆಯಲ್ಲೇ ಹೊರಟಳಂತೆ. ಐದು ತಾಸಿನ ದಾರಿಗೆ ಒಂದೂವರೆ ದಿನ ಹಿಡಿಯಿತು. ಅವಳು ಬಂದು ಬಾಗಿಲು ತಟ್ಟಿದಾಗ ಅವ್ವ ಒಳಗಿನಿಂದಲೇ, "ಮಣ್ಣಾಗಿ ಮೂರು ತಾಸಾತು. ಯಾರ ಮಾರಿ ನೋಡಾಕ ಬಂದಿ?" ಎಂದಳು. ಅಗಳಿ ತೆಗೆಯಲಿಲ್ಲ. ಚಿಗವ್ವ, "ಅಕ್ಕಾ, ದಾರ್‍ಯಾಗ..." ಎಂದು ಶುರು ಮಾಡಿದ್ದು ನನಗೆ ಕೇಳಿಸಿತ್ತು. ಬಾಗಿಲ ಸಂದಿಯಲ್ಲಿ ನೋಡಿದರೆ ಅವಳ ಹಿಂದೆ ಕೆಂಪಂಚಿನ ಕರಿಕಂಬಳಿ ಹೊದ್ದ ಯಾರೋ ಒಬ್ಬ ನೆಂಟ ಗೋಡೆಗೆ ಒರಗಿ ಕೂತಿದ್ದ. ಅಗಳಿ ನನ್ನ ಕೈಗೆ ನಿಲುಕುವಷ್ಟು ಹತ್ತಿರವಿತ್ತು. ನಾನೂ ತೆಗೆಯಲಿಲ್ಲ. ಚಿಗವ್ವ ಹಾಗೇ ತಿರುಗಿ ಹೋದಳು. ಅಲ್ಲಿಂದ ಅಕ್ಕತಂಗಿಯರ ಮಾತು ನಿಂತಿತು. "ಎಲ್ಲಾರಿಗೂ ನೆಂಟರು ಹತ್ತತಾರ. ಎಲ್ಲಾರೂ ಐದು ತಾಸಿಗೆ ಬರತಾರ. ಈಕಿಗೊಬ್ಬಾಕಿಗೆ ಒಂದೂವರಿ ದಿನ! ಹಡದಾಕಿ ಸಾಯಾಕತ್ತಾಳ, ಈಕಿ ದಾರ್‍ಯಾಗಿನ ನೆಂಟನ ಜೋಡಿ ಚಾ ಕುಡಕೋತ ಕುಂತಾಳ," ಎಂದು ಅವ್ವ ಒಂಬತ್ತು ವರ್ಷ ಬಂದವರಿಗೆಲ್ಲ ಹೇಳಿದಳು.

ಹೋದ ತಿಂಗಳು ಆಚೆಯಿಂದ ಲಗ್ನಪತ್ರಿಕೆ ಬಂತು. ಚಿಗವ್ವನ ಮಗಳು ಶಶಿಕಲಾಳ ಮದುವೆ, ಹಗಲು ಹನ್ನೆರಡಕ್ಕೆ ಮುಹೂರ್ತದ ಅಕ್ಕಿಕಾಳು. ಕೆಳಗೆ ಚಿಗವ್ವ ಕೈಯಾರೆ ಬರೆದಿದ್ದಳು: "ಅಕ್ಕಾ, ಮಗಳ ಉಡಿ ನೀನ ತುಂಬಬೇಕು. ಈ ಸಲ ಬರಲಿಲ್ಲಂದ್ರ ಇನ್ನೊಮ್ಮೆ ಕರ್‍ಯಾಂಗಿಲ್ಲ." ಅವ್ವ ಅದನ್ನು ಓದಿ ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಳು. ಮೂರನೆಯ ದಿನ, "ಕಸ್ತೂರಿ, ಗಾಡಿಗೆ ಎಣ್ಣಿ ಹಾಕ್ಸು. ಮರಳು ಹ್ಯಾಂಗ ದಾಟಬೇಕು ಅಂತ ಆಕಿಗೆ ತೋರಸ್ತೀನಿ. ಐದು ತಾಸು ಅಂದ್ರ ಐದ ತಾಸು," ಎಂದಳು. ನನ್ನ ಗಂಡನನ್ನು ಕರೆದರೆ ಅವನು, "ನಿಮ್ಮವ್ವನ ಜೋಡಿ ಐದು ತಾಸು ಗಾಡ್ಯಾಗ ಕುಂದ್ರಾಕ ನನಗ ಇನ್ನೊಂದು ಜನ್ಮ ಬೇಕು ಮಾರಾಯ್ತಿ," ಎಂದು ಕೈಮುಗಿದ. ಹೀಗಾಗಿ ಹೊರಟವರು ನಾವಿಬ್ಬರೇ.

ಬೆಳಿಗ್ಗೆ ಆರಕ್ಕೆ ಹೊರಡಬೇಕು ಎಂದಿತ್ತು. ಆರಕ್ಕೆ ನಾನು ಕಾರಿನ ಹತ್ತಿರ ಬಂದು ನೋಡಿದರೆ ಅವ್ವ ಹಿಂದಿನ ಸೀಟಿನ ಮೇಲೆ ಬುಟ್ಟಿಯ ಮೇಲೆ ಬುಟ್ಟಿ ಪೇರಿಸುತ್ತಿದ್ದಾಳೆ. ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಹಪ್ಪಳ, ಉಡಿಯ ಕೊಬ್ಬರಿ, ಉತ್ತತ್ತಿ, ಸೀರೆ, ಕುಬಸದ ಖಣ, ಹೊಸ ಖಾರಪುಡಿ, ಗಾದಿ, ದಿಂಬು. ಮದುವೆಮನೆಗೆ ಗಾದಿ ಯಾಕೆ ಎಂದು ಕೇಳಿದೆ. "ಜಾಗಾ ತುಂಬಾಕ. ಕುಂದ್ರಾಕ ಜಾಗಾನ ಇಲ್ಲದಿದ್ರ ನೆಂಟ ಎಲ್ಲಿಂದ ಬರತಾನ? ನೆಂಟ ಇಲ್ಲ ಅಂದ್ರ ತಡಾ ಎಲ್ಲೈತಿ?" ಎಂದಳು. ಮರಳು ದಾಟುವವರು ಸೀಟು ಖಾಲಿ ಬಿಡುವುದು ಅಜ್ಜ ಮುತ್ತಜ್ಜನ ಕಾಲದಿಂದ ಬಂದದ್ದು ಎಂದು ಹೇಳಿದೆ. ಯಾರಿಗೆ ಹೇಳುವುದು? ಅವ್ವ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಸಂದಿಗೊಂದಿಗೆಲ್ಲ ಹಪ್ಪಳದ ಡಬ್ಬಿ ತುರುಕಿ, ಬಾಗಿಲನ್ನು ಸೊಂಟದಿಂದ ನೂಕಿ ಹಾಕಿ ಅವಳು ಮುಂದೆ ಬಂದು ಕೂರುವಷ್ಟರಲ್ಲಿ ಆರೂಮುಕ್ಕಾಲು.

ಮೊದಲ ಅರ್ಧ ದಾರಿ ಪರವಾಗಿಲ್ಲ. ಅವ್ವ ನನಗೆ ಹಾರ್ನ್ ಹೊಡೆಯಲು ಹೇಳಿದಳು. ಮೈಲಿಗಟ್ಟಲೆ ಒಂದು ನಾಯಿಯೂ ಇಲ್ಲದ ದಾರಿಯಲ್ಲಿ ಯಾರಿಗೆ ಹಾರ್ನ್ ಹೊಡೆಯಲಿ, ನೀವೇ ಹೇಳಿ! ಒಂಬತ್ತೂಕಾಲಕ್ಕೆ ನಡುಗಲ್ಲು ದಾಟಿದೆವು. ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಒಂದು ಫರ್ಲಾಂಗು ಹೋದೆವು, ಎರಡು ಹೋದೆವು, ಹಿಂದೆ ಸಪ್ಪಳವಿಲ್ಲ. "ನೋಡಿದೆ? ಎಲ್ಲದಾನ ನಿನ್ನ ನೆಂಟ?" ಎಂದು ಅವ್ವ ನನ್ನ ತೊಡೆಗೆ ಹೊಡೆದಳು. ಆಗ ಬುಟ್ಟಿಗಳ ನಡುವಿನಿಂದ ಕಾರೇ ಅದುರುವಂಥ ಒಂದು ಸೀನು ಬಂತು. ಅದರ ಹಿಂದೆ ಇನ್ನೆರಡು.

"ಯಾರವಾ ಇದು, ಖಾರಪುಡಿ ಬುಟ್ಟಿ ನನ್ನ ತೊಡೀ ಮ್ಯಾಲ ಇಟ್ಟಾಕಿ?"

ಕನ್ನಡಿಯಲ್ಲಿ ನೋಡಿದರೆ ಎಪ್ಪತ್ತು ದಾಟಿದ ಒಬ್ಬ ಮುದುಕ. ಗಾದಿಗೂ ಬಾಗಿಲಿಗೂ ನಡುವೆ ಅಂಗೈಯಷ್ಟು ಜಾಗದಲ್ಲಿ ಸಿಕ್ಕಿಕೊಂಡಿದ್ದಾನೆ. ಮೊಣಕಾಲು ಗದ್ದಕ್ಕೆ ತಾಗಿದೆ, ತಲೆಯ ಮೇಲೆ ಹಪ್ಪಳದ ಡಬ್ಬಿ, ತೊಡೆಯ ಮೇಲೆ ಖಾರ, ಆ ಬಿಸಿಲಲ್ಲೂ ಹೆಗಲ ಮೇಲೆ ಒಂದು ಕಂಬಳಿ. "ಆರಾಮ ಅದೀಯೇನ ರಾಚವ್ವ? ನಾ ಗುರುಪಾದ," ಎಂದ. ಅವ್ವ ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದಳು. ನಾನು ವಿಧಿಯಿಲ್ಲದೆ, "ಆರಾಮ ರೀ ಮಾವಾ," ಎಂದೆ. ಅವ್ವನಿಗೆ ಅಣ್ಣನಂತಿದ್ದವನನ್ನು ಮಾವ ಎನ್ನದೆ ಇನ್ನೇನು ಅನ್ನಲಿ? ಅದಕ್ಕೆ ಅವ್ವ, "ಮಾವ ಅಂತ ಮಾವ! ನನಗ ಅಣ್ಣನೂ ಇಲ್ಲ, ತಮ್ಮನೂ ಇಲ್ಲ," ಎಂದಳು.

ಅಲ್ಲಿಂದ ನನ್ನ ಗ್ರಹಚಾರ ಶುರುವಾಯಿತು. ಹತ್ತು ನಿಮಿಷಕ್ಕೆ ಮಾವನ ಕಾಲು ಜೋಮು ಹಿಡಿಯಿತು. ನಿಲ್ಲಿಸಿದೆ. ಅವನನ್ನು ಇಳಿಸಬೇಕಾದರೆ ನಾಲ್ಕು ಬುಟ್ಟಿ ಇಳಿಸಬೇಕು, ಹತ್ತಿಸಬೇಕಾದರೆ ನಾಲ್ಕು ಬುಟ್ಟಿ ಏರಿಸಬೇಕು. ಮತ್ತೆ ಹೊರಟರೆ ಕಾಲು ಗಂಟೆಗೆ ಇನ್ನೊಂದು ಕಾಲು. ನಡುನಡುವೆ ಉಪದೇಶ. "ಗೇರ್ ಬದಲ್ ಮಾಡವಾ, ಗಾಡಿ ಅಳಾಕತ್ತೈತಿ." ಬದಲಿಸಿದರೆ, "ಇಷ್ಟ ಲಗೂ ಯಾಕ ಬದಲ್ ಮಾಡಿದಿ?" ಕಿಟಕಿ ತೆಗೆದರೆ ಮರಳು, ಹಾಕಿದರೆ ಸೆಕೆ. ಅವ್ವ ಈ ಕಡೆಯಿಂದ ಗಡಿಯಾರ ತೋರಿಸಿ, "ಲಗೂ ಹೊಡಿ," ಎನ್ನುವುದು, ಮಾವ ಆ ಕಡೆಯಿಂದ, "ಸಾವಕಾಶ ಹೊಡಿ," ಎನ್ನುವುದು. ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಇಬ್ಬರನ್ನೂ ಅಲ್ಲೇ ಇಳಿಸಿ ನಾನೊಬ್ಬಳೇ ಮದುವೆ ಉಂಡು ಬರಲೇ ಎನಿಸಿತು.

ಹನ್ನೊಂದರ ಸುಮಾರಿಗೆ ಮಾವ ಆರನೆಯ ಸಲ ಇಳಿದು, ಒಂದು ಜಾಲಿಗಿಡದ ಹತ್ತಿರ ಕಾಲು ಜಾಡಿಸುತ್ತಾ ನಿಂತಿದ್ದ. ಇಳಿಸಿದ ಬುಟ್ಟಿಗಳಲ್ಲಿ ಮೂರನ್ನು ನಾನು ಏರಿಸಿದ್ದೆ. ಅವ್ವ ನನ್ನ ಕೈ ಹಿಡಿದು, "ಹೊಡಿ ಗಾಡಿ," ಎಂದಳು. "ಅವರು ಇನ್ನೂ ಹತ್ತಿಲ್ಲಲ್ಲವಾ." "ಹತ್ತೂದು ಬ್ಯಾಡ. ಹೊಡಿ ಅಂದ್ರ ಹೊಡಿ. ಇನ್ನ ಒಂದು ತಾಸಿಗೆ ಅಕ್ಕಿಕಾಳು." ನೆಂಟನನ್ನು ಬಿಟ್ಟು ಹೋದವರ ಗಾಡಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೊಡೆದೆ. ಅಷ್ಟು ಬೇಸತ್ತಿದ್ದೆ.

ಕಾರು ಎಂಬತ್ತರಲ್ಲಿ ಓಡಿತು. ಮುಳ್ಳು ಎಂಬತ್ತು ತೋರಿಸುತ್ತಿತ್ತು, ಚಕ್ರ ತಿರುಗುತ್ತಿತ್ತು, ಎಣ್ಣೆ ಇಳಿಯುತ್ತಿತ್ತು. ಪಕ್ಕದ ಕಿಟಕಿಯಲ್ಲಿ ಮಾತ್ರ ಅದೇ ಜಾಲಿಗಿಡ, ಅದರ ಅದೇ ಮುರಿದ ಟೊಂಗೆ. ಅರ್ಧ ತಾಸು ಓಡಿಸಿದೆ. ಮುಕ್ಕಾಲು ತಾಸು ಓಡಿಸಿದೆ. "ಇನ್ನಷ್ಟು ಒತ್ತು," ಎಂದಳು ಅವ್ವ. ಒತ್ತಿದೆ. ಕಾರು ಕೆಮ್ಮಿ ನಿಂತಿತು. ತಿರುಗಿ ನೋಡಿದರೆ ಇಪ್ಪತ್ತು ಹೆಜ್ಜೆಯಾಚೆ ಅದೇ ಗಿಡದ ಕೆಳಗೆ ಮಾವ ಕಂಬಳಿ ಹಾಸಿಕೊಂಡು ಕೂತಿದ್ದಾನೆ. ನಾವು ಏರಿಸದೆ ಬಿಟ್ಟಿದ್ದು ಹೋಳಿಗೆಯ ಬುಟ್ಟಿ. ಅದನ್ನು ಬಿಚ್ಚಿ ಆರಾಮಾಗಿ ತಿನ್ನುತ್ತಿದ್ದ.

ಅವ್ವ ಇಳಿದು ಹೋಗಿ ಅವನ ಮುಂದೆ ನಿಂತಳು. ನಾನು ಹಿಂದೆ ಓಡಿದೆ, ಹೊಡೆದುಗಿಡೆದಾಳು ಎಂಬ ಭಯಕ್ಕೆ. ಆದರೆ ಅವಳ ಕಣ್ಣು ಕೈಗಡಿಯಾರದ ಮೇಲಿತ್ತು. ಎರಡೂ ಮುಳ್ಳು ಹನ್ನೆರಡರ ಮೇಲೆ ಕೂಡಿದ್ದವು. "ಮುಗೀತು. ಅಕ್ಕಿಕಾಳು ಬಿದ್ದುವು. ಉಡಿ ಯಾರ ತುಂಬಿದರೋ ಏನೋ. ನಡಿ ಕಸ್ತೂರಿ, ಹೊಳ್ಳಿ ಹೋಗೂಣು," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅರವತ್ತೆಂಟು ವರ್ಷದ ಅವ್ವ ಮೊದಲ ಸಲ ನನಗೆ ಮುದುಕಿಯಂತೆ ಕಂಡಳು.

ಮಾವ ಹೋಳಿಗೆ ಮುರಿಯುತ್ತಾ, "ಕೈರುಚಿ ಒಂದ ಐತಿ ನೋಡು," ಎಂದ. "ಯಾರ ಕೈ?" ಎಂದು ನಾನು ಕೇಳಿದೆ. "ನಿಮ್ಮವ್ವಂದೂ ನಿಮ್ಮ ಚಿಗವ್ವಂದೂ. ಆಗೂ ನನಗ ಹಿಂಗ ತಡಾ ಆಗಿತ್ತು, ನಡುಗಲ್ಲಿನ ಆ ಕಡೆ, ಇಂಥಾದ ಒಂದು ಗಿಡದ ಕೆಳಗ." ಆಗ ನಾನು ಅವನು ಹಾಸಿಕೊಂಡಿದ್ದ ಕಂಬಳಿಯನ್ನು ನೋಡಿದೆ. ಕರಿಕಂಬಳಿ, ಕೆಂಪಂಚು. ಬಾಗಿಲ ಸಂದಿಯಲ್ಲಿ ಕಂಡದ್ದು ಅದೇ.

"ಒಂಬತ್ತು ವರ್ಷ ಆತಲ್ಲ," ಎಂದ ಮಾವ. "ಆಕಿ ಗಾಡಿ ನಾ ಹತ್ತಿದಾಗ ನನಗ ಮೈ ಸುಡು ಸುಡು ಜ್ವರ. ಎಚ್ಚರನ ಇದ್ದಿದ್ದಿಲ್ಲ. ಗಾಡಿ ಅಳ್ಳಾಡಿದ್ರ ವಾಂತಿ. ಡ್ರೈವರ್ ಅಂದ, ಅಕ್ಕಾರ, ಇಂವ ದಾರ್‍ಯಾಗ ಸಾಯತಾನ, ಗಿಡದ ಕೆಳಗ ಮಲಗಿಸಿ ಹೋಗೂಣು, ಗಾಡಿ ಹೋದ್ರ ಹೋತು, ಇಲ್ಲಂದ್ರ ಇಲ್ಲ. ಆಕಿ ಇಳದು ಮೂರು ಕಲ್ಲು ಹೂಡಿದಳು. ಉಟ್ಟ ಸೀರಿ ಸೆರಗು ಹರದು ನನ್ನ ಹಣಿಗೆ ತಣ್ಣೀರ ಪಟ್ಟಿ ಹಾಕಿದಳು. ಗಂಜಿ ಕಾಸಿದಳು. ಅಳಕೋತ ಕಾಸಿದಳವಾ. ಗಂಜ್ಯಾಗ ಕಣ್ಣೀರ ಬೀಳತಾವಂತ ಮಾರಿ ಆಕಡೆ ತಿರುವಿ ಕೈ ಆಡಸಾಕತ್ತಿದ್ದಳು. ಅಲ್ಲಿ ನಮ್ಮವ್ವ ಹೊಂಟಾಳ, ಇಲ್ಲಿ ಇಂವ ಹೊಂಟಾನ, ನಾ ಯಾರ ಕಡೆ ಹೋಗಲಿ ಅಂತ ಅನಕೋತಿದ್ದಳು. ಮರುದಿನ ಜ್ವರ ಇಳದ ಮ್ಯಾಲ ಹೊಂಟಿವಿ. ನಿಮ್ಮ ಬಾಗಿಲಾ ಮುಚ್ಚಿತ್ತು."

ಅವ್ವ ಬಗ್ಗಿ ಹೋಳಿಗೆಯ ಬುಟ್ಟಿಯ ಅರಿವೆ ಸರಿಮಾಡಿದಳು. ಮತ್ತೆ ಸರಿಮಾಡಿದಳು. ಸರಿಯಾಗೇ ಇತ್ತು ಅದು. ನಾನು, "ಹೊಳ್ಳಿ ಹೋಗೂದಾದ್ರ ಈಗ ಹೊಂಡೂಣವಾ. ಲಗ್ನ ಮುಗಿದಿರತೈತಿ," ಎಂದೆ. ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು, ಹಿಂತಿರುಗುವ ಮಾತು ತೆಗೆದವಳು ನಾನೇ ಎನ್ನುವಂತೆ!

"ಮುಗೀಲಿ. ಬಾಗಿಲಾ ಹಾಕಿದ್ರ ಬಾಗಿಲದ ಮುಂದ ನಿಂದರತೀನಿ. ಆಕಿ ನಿಂತಿದ್ದಿಲ್ಲೇನು?"

ಆಮೇಲೆ ಅವಳೇ ಹಿಂದಿನ ಬಾಗಿಲು ತೆಗೆದಳು. ಗಾದಿ ಎಳೆದು ಕಾರಿನ ಮೇಲೆ ಕಟ್ಟಿಸಿದಳು. ಬುಟ್ಟಿಗಳನ್ನೆಲ್ಲ ಮುಂದಿನ ಸೀಟಿಗೆ ಹೊರಿಸಿ ನನ್ನ ಗೇರಿನ ಕೈಗೂ ಜಾಗವಿಲ್ಲದಂತೆ ಮಾಡಿದಳು. ಮಾವನನ್ನು ಕಿಟಕಿಯ ಹತ್ತಿರ ಕೂರಿಸಿ, ಅವನ ಕಾಲು ಚಾಚಲು ದಿಂಬು ಕೊಟ್ಟು, ತಾನು ಪಕ್ಕದಲ್ಲಿ ಮುದುಡಿ ಕೂತು ಖಾರದ ಬುಟ್ಟಿಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಈ ಕೆಲಸವನ್ನು ಬೆಳಿಗ್ಗೆ ಆರಕ್ಕೆ ಮಾಡಿದ್ದರೆ ನಾವು ಹನ್ನೊಂದೂಮುಕ್ಕಾಲಕ್ಕೆ ಆಚೆ ಊರಲ್ಲಿ ಇರುತ್ತಿದ್ದೆವು. ಇದನ್ನು ನಾನು ಬಾಯಿಬಿಟ್ಟು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೀಲಿ ತಿರುವಿದೆ, ಕೆಮ್ಮಿ ನಿಂತಿದ್ದ ಕಾರು ಏನೂ ಆಗದಂತೆ ಹೊರಟಿತು, ಜಾಲಿಗಿಡ ಹಿಂದಕ್ಕೆ ಸರಿಯಿತು.

ಇಷ್ಟೆಲ್ಲ ಆದ ಮೇಲೆ ದಾರಿ ಸುಖವಾಗಿ ಸಾಗಿತು ಎಂದುಕೊಂಡಿರಾ? ನೆಂಟರು ಅಂದರೆ ನೆಂಟರೇ. ಕಾಲು ಚಾಚಿದ ಮೇಲೆ ಮಾವನಿಗೆ ಸೊಂಟ ಹಿಡಿಯಿತು. ಸೊಂಟ ಬಿಟ್ಟ ಮೇಲೆ ನೀರಡಿಕೆ. ನೀರು ಕುಡಿದ ಮೇಲೆ ಇಳಿಯಬೇಕು, ಕುಡಿದವರು ಇಳಿಯದೆ ಇರುತ್ತಾರೆಯೇ! ಈಗ ಅವ್ವನೇ, "ನಿಲ್ಸು ಕಸ್ತೂರಿ, ಪಾಪ, ಸೊಂಟಾ ಹಿಡದೈತಂತ," ಎನ್ನತೊಡಗಿದಳು. ಬೆಳಿಗ್ಗೆಯಿಂದ ಲಗೂ ಲಗೂ ಎಂದು ನನ್ನ ಪ್ರಾಣ ಹಿಂಡಿದವಳು ಇವಳೇ ಏನು? ಈಗ ಗಡಿಯಾರ ನೋಡುವವಳು ನಾನಾಗಿದ್ದೆ. ಚಿಗವ್ವನ ಮನೆ ಬಾಗಿಲು ನನ್ನ ಕಣ್ಣ ಮುಂದೆ ಕಟ್ಟಿತ್ತು. ಅಗಳಿ ಹಾಕಿದ ಬಾಗಿಲು, ಅದರ ಮುಂದೆ ನಿಂತ ನಮ್ಮವ್ವ. ಆ ಕಡೆ ಅಗಳಿಯ ಹತ್ತಿರ ನಿಂತವರು ಯಾರಿರಬಹುದು, ಅವರಿಗಾದರೂ ನನಗಿಂತ ಬುದ್ಧಿ ಇರಬಹುದೇ ಎಂದು ಯೋಚಿಸುತ್ತಾ ಓಡಿಸಿದೆ.

ಊರು ಮುಟ್ಟಿದಾಗ ಐದು ಗಂಟೆ. ಚಿಗವ್ವನ ಮನೆ ಮುಂದೆ ಚಪ್ಪರ ಇತ್ತು. ಚಪ್ಪರದೊಳಗೆ ಜನ ಆರಾಮಾಗಿ ಚುರುಮುರಿ ತಿನ್ನುತ್ತಾ ಕೂತಿದ್ದರು. ಯಾರ ತಲೆಯ ಮೇಲೂ ಅಕ್ಕಿಕಾಳು ಕಾಣಲಿಲ್ಲ. ಬಾಗಿಲು ಹಾರುಹೊಡೆದು ತೆರೆದಿತ್ತು. ಚಿಗವ್ವ ಹಸಿರು ಸೀರೆಯುಟ್ಟು ಹೊಸ್ತಿಲ ಮೇಲೆಯೇ ಕೂತಿದ್ದಳು, ಒಂಬತ್ತು ವರ್ಷದಲ್ಲಿ ತಲೆಯೆಲ್ಲ ಬೆಳ್ಳಗಾಗಿತ್ತು. ಕಾರು ನೋಡಿ ಎದ್ದು ನಿಂತಳು.

ಅವ್ವ ಇಳಿದಳು. ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. "ಚಂದ್ರೀ, ಲಗ್ನ ಮುಗದ ಮ್ಯಾಲ ಬಂದೀನಿ. ಯಾರ ಮಾರಿ ನೋಡಾಕ ಬಂದಿ ಅಂತ ಕೇಳವಾ. ಕೇಳಿಬಿಡು," ಎಂದಳು.

"ಅಕ್ಕಿಕಾಳು ಇರೂದು ಆರೂವರಿಗೆ," ಎಂದಳು ಚಿಗವ್ವ.

"ಪತ್ರಿಕ್ಯಾಗ ಹನ್ನೆರಡು ಅಂತ ಐತಲ್ಲ!" ನಾನು ಕಿರುಚಿದೆ. ನನ್ನ ಸಿಟ್ಟು ಕೊನೆಯ ಹನಿಯವರೆಗೆ ಖರ್ಚಾದದ್ದು ಆಗಲೇ.

"ಮರಳಾಚೆಯವರಿಗೆ ಬ್ಯಾರೇ ಪತ್ರಿಕಿ ಅಚ್ಚು ಹಾಕಸ್ತೀವಿ ಕಸ್ತೂರಿ. ಈ ಊರಾಗ ಎಲ್ಲಾರ ಮನ್ಯಾಗೂ ಹಂಗ. ನೆಂಟ ಹತ್ತತಾನ, ತಡಾ ಆಗತೈತಿ. ಅದಕ್ಕ ಆರೂವರಿ ತಾಸು ಮದ್ಲ ಬರೀತೀವಿ." ಚಿಗವ್ವ ಅವ್ವನ ಕಡೆ ತಿರುಗಿದಳು. "ಲಗ್ನಕ್ಕ ಮದ್ಲ ಬರೀಬಹುದಕ್ಕಾ. ಸಾವಿಗೆ ಹ್ಯಾಂಗ ಬರೀತಿ?"

ಅವ್ವ ತಂಗಿಯ ಸೆರಗಿನ ತುದಿ ಹಿಡಿದುಕೊಂಡು ಅದನ್ನೇ ನೋಡುತ್ತಾ ನಿಂತಳು. "ಗಂಜಿ ಕಾಸಿದ್ದು ನನಗ ಹೇಳಲಿಲ್ಲ ನೀ," ಎಂದಳು ಕೊನೆಗೆ. "ಬಾಗಿಲಕ್ಕ ಹೇಳಿ ಬಂದಿದ್ದೆ ಅಕ್ಕಾ. ಅದು ನಿನಗ ಹೇಳಲಿಲ್ಲ ಕಾಣಸ್ತೈತಿ," ಎಂದಳು ಚಿಗವ್ವ. ಇಬ್ಬರೂ ಅಲ್ಲೇ, ಚುರುಮುರಿ ತಿನ್ನುವವರ ಎದುರಿಗೇ, ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ನಾನು ಚಿಗವ್ವನ ಕಾಲು ಮುಟ್ಟಿ, ಅವತ್ತು ಬಾಗಿಲ ಒಳಗೆ ನಾನೂ ಇದ್ದೆ ಎಂದು ಹೇಳಿದೆ. "ಗೊತ್ತೈತಿ. ನಿನ್ನ ಕೈಯಾಗಿನ ಬಳಿಗೋಳ ಸಪ್ಪಳಾ ಕೇಳಿತ್ತು," ಎಂದು ತಲೆ ಸವರಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಅಷ್ಟರಲ್ಲಿ ಕಾರಿನೊಳಗಿನಿಂದ ಮಾವ ಕೂಗಿದ. "ಅಳೂದು ಮುಗದಿದ್ರ ಯಾರರ ಬಂದು ನನ್ನ ಇಳಸ್ರಿ. ಕಾಲು ಹಿಡದಾವ!"

ಚಿಗವ್ವ ಕಣ್ಣೊರೆಸಿಕೊಂಡಳು. "ಅವನ ಬಂದಾನೇನು? ಪುಣ್ಯಾತು. ಶಶಿಗೆ ಸೋದರಮಾವ ಇಲ್ಲ, ಹುಡುಗೀನ ಮಂಟಪಕ್ಕ ಯಾರು ಕರಕೊಂಡು ಬರಬೇಕು ಅಂತ ಬೀಗರು ಮುಂಜಾನಿಂದ ಕೇಳಾಕತ್ತಾರ," ಎಂದಳು.

ಅವ್ವ ತಾನೇ ಕಾರಿನ ಹತ್ತಿರ ಹೋದಳು. ಬಾಗಿಲು ತೆಗೆದು, ದಿಂಬು ಸರಿಸಿ, ಕಂಬಳಿಯ ಮೇಲಿನ ಮರಳು ಕೊಡವಿ ಕೈ ಚಾಚಿದಳು. ಬೆಳಿಗ್ಗೆಯಿಂದ ಅವನನ್ನು ಅವಳು ಒಂದು ಸಲವೂ ಏನೆಂದೂ ಕರೆದಿರಲಿಲ್ಲ.

"ಇಳಿ ಅಣ್ಣಾ," ಎಂದಳು. "ಹುಡುಗಿ ಕಾಯಾಕತ್ತೈತಿ."

ಮಾವ ಅವಳ ಕೈ ಹಿಡಿದು, ನರಳುತ್ತಾ, ಒಂದೊಂದೇ ಕಾಲನ್ನು ಕೆಳಗಿಟ್ಟ. ಇಳಿದು ನಿಂತು ನನ್ನ ಕಡೆ ನೋಡಿ, "ಹೋಗೂವಾಗ ಗೇರ್ ನೋಡಿಕೊಂಡು ಬದಲ್ ಮಾಡವಾ," ಎಂದ.